ಲಿನಕ್ಸ್ ಮಿಂಟ್‌ದಾಗ ವಿಂಡೋಸ್ ಶೇರ್ ಫೋಲ್ಡರ್ ಮೌಂಟ್ ಆಗ್ಲಿಕ್ಕತ್ತಿಲ್ಲ, ಎರರ್ 13 ಬರ್ಲಿಕ್ಕತ್ತದ, ಯಾರಾದ್ರೂ ಹೇಳ್ರಿ

ಸಿಂಧನೂರು ಮಿಲ್ ಅಕೌಂಟ್ಸ್

ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಸಿಂಧನೂರು ಕಡೆ ರೈಸ್ ಮಿಲ್ ಆಫೀಸು, ನಾನು ಅಕೌಂಟ್ಸ್ ನೋಡ್ತೀನಿ, ಸಿಸ್ಟಮ್ ಕೆಲ್ಸನೂ ನನ್ ತಲಿಮ್ಯಾಲೇ ಅದ. ವಿಂಡೋಸ್ 10ಕ್ಕ ಸಪೋರ್ಟು 2025ರ ಅಕ್ಟೋಬರ್ 14ಕ್ಕ ಮುಗೀತಲ್ಲ, ನಮ್ಮ ಹಳೇ ಸಿಸ್ಟಮ್ಮಿಗೆ ಟಿಪಿಎಂ 2.0 ಸೆಕ್ಯುರಿಟಿ ಚಿಪ್ ಇಲ್ಲ ಅಂತ ವಿಂಡೋಸ್ 11 ಹತ್ತಲಿಲ್ಲ, ಹಿಂಗಾಗಿ ಅದಕ್ಕ ಲಿನಕ್ಸ್ ಮಿಂಟ್ ಹಾಕೀವಿ, ಮಸ್ತ್ ನಡೀಲಿಕ್ಕತ್ತದ. ಆದ್ರ ಕಾಟಾ ಹತ್ರ ಇರೋ ಹೊಸ ವಿಂಡೋಸ್ 11 ಸಿಸ್ಟಮ್‌ದಾಗ ವೇ ಬ್ರಿಡ್ಜ್ ಅಂತ ಒಂದು ಫೋಲ್ಡರ್ ಶೇರ್ ಮಾಡ್ಯಾರ, ಲಾರಿ ತೂಕದ ಚೀಟಿ ಎಲ್ಲಾ ಅದ್ರೊಳಗ ಬಂದು ಬೀಳ್ತಾವ, ಅದನ್ನ ಮಿಂಟ್‌ದಾಗಿಂದ ತೆಗೀಬೇಕು. ಸಿಸ್ಟಮ್ ಹೆಸರು ಹಾಕಿದ್ರ ಅಡ್ರೆಸ್ ಸಿಗಲಿಲ್ಲ ಅಂತದ, ಐಪಿ ಹಾಕಿ ಮೌಂಟ್ ಕಮಾಂಡ್ (ಆ ಫೋಲ್ಡರನ್ನ ಮಿಂಟಿಗೆ ಜೋಡ್ಸೋದು) ಕೊಟ್ರ ಎರರ್ 13 ಪರ್ಮಿಷನ್ ಡಿನೈಡ್ ಅಂತದ, ಫೈಲ್ ಮ್ಯಾನೇಜರ್‌ದಾಗ ಹೋದ್ರ ಪಾಸ್‌ವರ್ಡ್ ಕೇಳ್ತದ, ಹಾಕಿದ್ರ ತಿರುಗಿ ಅದೇ ಬಾಕ್ಸ್ ಬರ್ತದ. ಈಗ ನೆಲ್ಲಿನ ಸೀಜನ್ನು, ಗಾಡಿ ಲೈನ್ ಹಚ್ಚಿ ನಿಂತಾವ, ಪೆನ್‌ಡ್ರೈವ್ ತಗೊಂಡು ಕಾಟಾಕ್ಕೂ ಆಫೀಸಿಗೂ ತಿರುಗೋದಾಗ್ಯದ.

ಕೌಲ್‌ಬಜಾರ್ ಹುಡುಗ

ಅಣ್ಣ ಸಿಂಪಲ್ ಐತೆ. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ವಿಂಡೋಸ್ ಫೀಚರ್ಸ್ ಒಳಗಡೆ ಎಸ್‌ಎಂಬಿ 1.0 ಅಂತ ಇರುತ್ತೆ (ನೆಟ್‌ವರ್ಕಲ್ಲಿ ಫೈಲ್ ಶೇರ್ ಮಾಡೋ ಪದ್ಧತಿಯ ಹಳೇ ವರ್ಷನ್ನು), ಅದಕ್ಕೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ, ಆಮೇಲೆ ಲಿನಕ್ಸ್‌ನಲ್ಲಿ ಮೌಂಟ್ ಕಮಾಂಡಿಗೆ ವರ್ಸ್=1.0 ಸೇರಿಸಿ. ಬಳ್ಳಾರಿಯಲ್ಲಿ ಒಂದು ಆಫೀಸಿಗೆ ಹಿಂಗೇ ಮಾಡಿ ಕೊಟ್ಟಿದೀನಿ, ನಡೀತಾ ಐತೆ.

ಗಂಗಾವತಿ ಟಕ್ಸ್

ದಯವಿಟ್ಟು ಅದನ್ನ ಮಾತ್ರ ಮಾಡಬ್ಯಾಡ್ರಿ. ತಮ್ಮಾ ನೀನು ಸಹಾಯ ಮಾಡಾಕ ಹೇಳಿದ್ದು ಗೊತ್ತೈತಿ, ಆದ್ರ ಇದು ಮಿಲ್ಲಿನ ಲೆಕ್ಕ ಇರೋ ಸಿಸ್ಟಮ್ಮು. 2017ರ ಮೇ ತಿಂಗಳದಾಗ ವಾನಾಕ್ರೈ ಬಂದು ದೇಶ ದೇಶದ ಆಸ್ಪತ್ರೆ, ಫ್ಯಾಕ್ಟರಿ ಫೈಲ್ ಎಲ್ಲಾ ಲಾಕ್ ಮಾಡಿ ರೊಕ್ಕ ಕೇಳ್ತಲ್ಲ, ಅದು ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕ ಹರಡಿದ್ದು ಇದೇ ಎಸ್‌ಎಂಬಿ 1ರ ತೂತಿನಿಂದ. ಅದಕ್ಕ ಪ್ಯಾಚು ಎರಡು ತಿಂಗಳ ಮೊದ್ಲೇ ಮಾರ್ಚ್‌ದಾಗ ಬಂದಿತ್ತು, ಹಾಕ್ಕೊಂಡಿರಲಿಲ್ಲ ಜನ. ಅದೇ ವರ್ಷ ಮೈಕ್ರೋಸಾಫ್ಟ್‌ನವ್ರು ವಿಂಡೋಸ್ 10ರ 1709 ವರ್ಷನ್‌ನಿಂದ ಎಸ್‌ಎಂಬಿ 1ನ್ನ ಡೀಫಾಲ್ಟ್ ಆಗಿ ಹಾಕೋದು ಬಿಟ್ರು, ಲಿನಕ್ಸ್‌ನವ್ರೂ ಕರ್ನಲ್ (ಲಿನಕ್ಸಿನ ತಿರುಳು) 4.13ರಾಗ ಡೀಫಾಲ್ಟ್ ಬದಲಿ ಮಾಡಿದ್ರು. ಎರಡೂ ಕಡೆಯವ್ರು ಮುಚ್ಚಿದ ಬಾಗ್ಲನ್ನ ನಾವು ತಗಿಯೋದು ಯಾಕ?

ಇನ್ನೊಂದು ಮಾತು. ಎರರ್ 13 ಬಂದೈತಿ ಅಂದ್ರ ಇದು ವರ್ಷನ್ ಸಮಸ್ಯೆ ಅಲ್ಲವೇ ಅಲ್ಲ. ವರ್ಷನ್ ಕೂಡಲಿಲ್ಲ ಅಂದ್ರ ಸಾಮಾನ್ಯವಾಗಿ 112 ಬರ್ತೈತಿ, ಹೋಸ್ಟ್ ಈಸ್ ಡೌನ್ ಅಂತ, ಸಿಸ್ಟಮ್ ಚಾಲೂ ಇದ್ರೂ ಹಂಗೇ ಹೇಳ್ತೈತಿ, ಇಲ್ಲಾಂದ್ರ 95. ಶೇರಿನ ಹೆಸರು ತಪ್ಪಿದ್ರ 2 ಬರ್ತೈತಿ. ಫೈರ್‌ವಾಲ್ ತಡದ್ರ ಬಾಳ ಹೊತ್ತು ಸುಮ್ನೆ ನಿಂತು 115 ಬರ್ತೈತಿ. ನಿಮಗ 13 ಬಂದೈತಿ, ಅಂದ್ರ ನೆಟ್‌ವರ್ಕು ಸರಿ ಐತಿ, ವಿಂಡೋಸ್ ಸಿಸ್ಟಮ್ಮು ನಿಮ್ ಕೂಡ ಮಾತಾಡೈತಿ, ಯೂಸರ್ರೋ ಪಾಸ್‌ವರ್ಡೋ ಪರ್ಮಿಷನ್ನೋ ನೋಡಿ ಒಳಗ ಬಿಟ್ಟಿಲ್ಲ. ಈ ನಂಬರ್ ಓದ್ಕೊಂಡ್ರ ಅರ್ಧ ಕೆಲ್ಸ ಆದಂಗ, ಇಲ್ಲಾಂದ್ರ ನೆಟ್‌ದಾಗ ಸಿಕ್ಕಿದ್ದೆಲ್ಲಾ ಒಂದರ ಮ್ಯಾಲೆ ಒಂದು ಹಾಕ್ಕೋಂತ ಹೋಗ್ತೀವಿ, ಕಡೀಗೆ ಯಾವುದರಿಂದ ಆತು ಅಂತ ನಮಗೂ ತಿಳಿಯಂಗಿಲ್ಲ.

ಈಗ ಮೂರು ವಿಷಯ ಹೇಳ್ರಿ. ವಿಂಡೋಸ್ ಶೇರ್ ಮೌಂಟ್ ಮಾಡಾಕ ಬೇಕಾಗೋ ಸಿಫ್ಸ್-ಯುಟಿಲ್ಸ್ ಪ್ಯಾಕೇಜ್ ಹಾಕೀರೇನು? (13 ಬಂದೈತಿ ಅಂದ್ರ ಹಾಕಿರಬೇಕು, ಅದು ಇರಲಿಲ್ಲಾಂದ್ರ ರಾಂಗ್ ಎಫ್‌ಎಸ್ ಟೈಪ್, ಹೆಲ್ಪರ್ ಪ್ರೋಗ್ರಾಂ ಇಲ್ಲ ಅಂತಿತ್ತು.) ಮೌಂಟ್ ಫೇಲ್ ಆದ ಕೂಡ್ಲೇ ಸುಡೊ ಡಿಎಂಇಎಸ್‌ಜಿ (ಕರ್ನಲ್ಲಿನ ಲಾಗ್ ತೋರ್ಸೋ ಕಮಾಂಡು, ಸುಡೊ ಅಂದ್ರ ಅಡ್ಮಿನ್ ಅಧಿಕಾರದಿಂದ) ಅಂತ ಕೊಟ್ಟು ಕಡೀ ನಾಕೈದು ಸಾಲು ಏನಂತಾವ? ಮತ್ತ ಆ ವಿಂಡೋಸ್ ಸಿಸ್ಟಮ್ಮು ದಿನಾ ಹೆಂಗ ಲಾಗಿನ್ ಆಗ್ತೀರಿ, ಪಾಸ್‌ವರ್ಡ್ ಹೊಡೀತೀರೋ ಪಿನ್ ಹೊಡೀತೀರೋ?

ಕಮಾಂಡೆಲ್ಲಾ ಕನ್ನಡದಾಗೇ ಬರೀತೀನ್ರಿ, ಟರ್ಮಿನಲ್‌ದಾಗ ಹೊಡಿಯೋವಾಗ ಇಂಗ್ಲಿಷ್ ಸಣ್ಣ ಅಕ್ಷರ ಅಂತ ತಿಳ್ಕೊಳ್ರಿ.

ಸಿಂಧನೂರು ಮಿಲ್ ಅಕೌಂಟ್ಸ್

ಸಿಫ್ಸ್-ಯುಟಿಲ್ಸ್ ಅದರಿ ಸರ್. ಡಿಎಂಇಎಸ್‌ಜಿದಾಗ ಸ್ಟೇಟಸ್ ಲಾಗಾನ್ ಫೇಲ್ಯೂರ್ ಅಂತ ಅದ. ಕಾಟಾ ಸಿಸ್ಟಮ್ಮಿಗೆ ನಾಕು ನಂಬರಿನ ಪಿನ್ ಅದರಿ, ಅದನ್ನೇ ಪಾಸ್‌ವರ್ಡ್ ಅಂತ ಹಾಕ್ಲಿಕ್ಕತ್ತಿದ್ವಿ. ಸಿಸ್ಟಮ್ ಕೊಟ್ಟವ್ರೇ ಸಾಹುಕಾರ್ರ ಇಮೇಲ್ ಹಾಕಿ ರೆಡಿ ಮಾಡಿ ಕೊಟ್ಟು ಹೋಗ್ಯಾರ, ಆ ಇಮೇಲಿನ ಪಾಸ್‌ವರ್ಡ್ ಸಾಹುಕಾರ್ರಿಗೂ ಗೊತ್ತಿಲ್ಲ.

ಗಂಗಾವತಿ ಟಕ್ಸ್

ಸಿಕ್ತು ನೋಡ್ರಿ. ಪಿನ್ ಅನ್ನೋದು ಆ ಸಿಸ್ಟಮ್ಮಿನ ಮುಂದ ಕುಂತೋರಿಗಷ್ಟೇ, ನೆಟ್‌ವರ್ಕಿನ ಮ್ಯಾಲಿಂದ ಬಂದೋರಿಗೆ ಪಿನ್ ನಡಿಯಂಗಿಲ್ಲ. ಮೈಕ್ರೋಸಾಫ್ಟ್ ಅಕೌಂಟ್ ಆದ್ರ ಆ ಇಮೇಲಿನ ಅಸಲಿ ಪಾಸ್‌ವರ್ಡೇ ಬೇಕು. ಅದನ್ನ ಹುಡುಕೋಕೂ ಹೋಗಬ್ಯಾಡ್ರಿ, ಸಾಹುಕಾರ್ರ ಇಮೇಲ್ ಪಾಸ್‌ವರ್ಡು ಆಫೀಸಿನ ಇನ್ನೊಂದು ಸಿಸ್ಟಮ್‌ದಾಗ ಫೈಲ್ ಮಾಡಿ ಇಡೋದು ಒಳ್ಳೇದಲ್ಲ, ಅದ್ರಾಗ ಅವ್ರ ಎಲ್ಲಾ ಮೇಲ್ ಇರ್ತಾವ.

ವಿಂಡೋಸ್‌ದಾಗ ಶೇರಿಗಂತನೇ ಒಂದು ಬ್ಯಾರೆ ಲೋಕಲ್ ಯೂಸರ್ ಮಾಡ್ರಿ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್, ಆ್ಯಡ್ ಅಕೌಂಟ್. ಅಲ್ಲಿ ಇಮೇಲ್ ಕೇಳ್ತೈತಿ, ಕೊಡಬ್ಯಾಡ್ರಿ, ಕೆಳಗ ಈ ವ್ಯಕ್ತಿಯ ಸೈನ್ ಇನ್ ಮಾಹಿತಿ ನನ್ ಹತ್ರ ಇಲ್ಲ ಅನ್ನೋ ಲಿಂಕ್ ಐತಿ, ಅದನ್ನ ಒತ್ತಿ ಮೈಕ್ರೋಸಾಫ್ಟ್ ಅಕೌಂಟ್ ಇಲ್ದಂಗ ಯೂಸರ್ ಸೇರಿಸೋದು ಆರಿಸ್ರಿ. ಹೆಸರು ಕಾಟಾ ಅಂತ ಇಂಗ್ಲಿಷ್ ಸಣ್ಣ ಅಕ್ಷರದಾಗ ಇಡ್ರಿ. ಪಾಸ್‌ವರ್ಡ್ ಖಾಲಿ ಮಾತ್ರ ಬಿಡಬ್ಯಾಡ್ರಿ, ಖಾಲಿ ಪಾಸ್‌ವರ್ಡಿನ ಯೂಸರನ್ನ ವಿಂಡೋಸ್ ನೆಟ್‌ವರ್ಕಿನಿಂದ ಒಳಗ ಬಿಡಂಗಿಲ್ಲ.

ಆಮ್ಯಾಲೆ ಫೋಲ್ಡರಿನ ಪ್ರಾಪರ್ಟೀಸ್‌ದಾಗ ಎರಡು ಕಡೆ ಈ ಯೂಸರ್ ಹೆಸರು ಸೇರಿಸ್ಬೇಕು. ಶೇರಿಂಗ್ ಟ್ಯಾಬಿನ ಪರ್ಮಿಷನ್ಸ್ ಒಂದು, ಸೆಕ್ಯುರಿಟಿ ಟ್ಯಾಬ್ ಇನ್ನೊಂದು. ಎರಡರಾಗ ಯಾವುದು ಬಿಗಿ ಐತೋ ಅದೇ ನಡೀತೈತಿ. ಬಾಳ ಮಂದಿ ಶೇರಿಂಗ್‌ದಾಗ ಎವ್ರಿಒನ್ ಫುಲ್ ಕಂಟ್ರೋಲ್ ಕೊಟ್ಟು ಯಾಕ ಬರವಲ್ದು ಅಂತ ಕೇಳ್ತಾರ, ಸೆಕ್ಯುರಿಟಿಯೊಳಗ ಆ ಯೂಸರೇ ಇರಂಗಿಲ್ಲ. ಚೀಟಿ ಓದೋದಷ್ಟೇ ಆದ್ರ ಎರಡೂ ಕಡೆ ರೀಡ್ ಕೊಡ್ರಿ ಸಾಕು, ತಪ್ಪಿ ಯಾರೂ ಡಿಲೀಟ್ ಮಾಡಾಕ ಬರಂಗಿಲ್ಲ.

ಇನ್ನೊಂದು, ತಪ್ಪು ಪಾಸ್‌ವರ್ಡ್ ಪದೇ ಪದೇ ಹೊಡೀಬ್ಯಾಡ್ರಿ. ವಿಂಡೋಸ್ 11 22ಎಚ್2 ಆದಮ್ಯಾಲೆ ಹೊಸದಾಗಿ ಹಾಕಿದ್ದಾದ್ರ 10 ಸಲ ತಪ್ಪಿದ್ರ 10 ನಿಮಿಷ ಅಕೌಂಟ್ ಲಾಕ್ ಆಗ್ತೈತಿ, ಆವಾಗ ಸರಿ ಪಾಸ್‌ವರ್ಡ್ ಹೊಡದ್ರೂ ಒಳಗ ಬಿಡಂಗಿಲ್ಲ, ನಾವು ಇದೂ ತಪ್ಪೇ ಅಂತ ತಿಳ್ಕೊಂಡು ಬ್ಯಾರೆ ಕಡೆ ಹುಡುಕ್ತೀವಿ.

ಕೌಲ್‌ಬಜಾರ್ ಹುಡುಗ

ವಾನಾಕ್ರೈ ವಿಷಯ ಕೇಳಿದ್ದೆ, ಆದ್ರೆ ಇದೇ ಎಸ್‌ಎಂಬಿ 1 ಅಂತ ಗೊತ್ತಿರಲಿಲ್ಲ ಅಣ್ಣ. ಆ ಆಫೀಸಿಗೆ ಹೋಗಿ ತೆಗೆದು ಬರ್ತೀನಿ. ಒಂದು ಡೌಟು, ಪಾಸ್‌ವರ್ಡೇ ಬೇಡ, ಗೆಸ್ಟ್ ಅಂತ ಕೊಟ್ರೆ ಆಗಲ್ವಾ? ಮೊದಲೆಲ್ಲ ಹಂಗೇ ಮಾಡ್ತಿದ್ವಿ, ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಮಾಡಿಬಿಟ್ರೆ ಮುಗೀತಿತ್ತು.

ಗಂಗಾವತಿ ಟಕ್ಸ್

ಭಾರಿ ಒಳ್ಳೇ ಕೆಲ್ಸ ತಮ್ಮಾ, ಹೋಗಿ ತಗದು ಬಾ. ಗೆಸ್ಟ್ ಮೊದ್ಲು ನಡೀತಿತ್ತು ಖರೆ. ವಿಂಡೋಸ್ 11 24ಎಚ್2 ಪ್ರೊ ಇದ್ರ ಎಸ್‌ಎಂಬಿ ಸೈನಿಂಗ್ ಕಡ್ಡಾಯ ಮಾಡ್ಯಾರ, ಅಂದ್ರ ಬರೋ ಹೋಗೋ ಪ್ರತಿ ಪ್ಯಾಕೆಟ್ಟಿಗೂ ಸಹಿ ಇರಬೇಕು, ಸಹಿಗೆ ಕೀಲಿ ಹುಟ್ಟೋದೇ ಪಾಸ್‌ವರ್ಡಿನಿಂದ, ಗೆಸ್ಟಿಗೆ ಪಾಸ್‌ವರ್ಡೇ ಇಲ್ಲಲ್ಲ. ನಿನ್ನೆ ತನಕ ನಡಿತಿದ್ದ ಗೆಸ್ಟ್ ಶೇರು ಅಪ್‌ಡೇಟ್ ಆದಮ್ಯಾಲೆ ನಿಂತೈತಿ ಅಂತ ಈಗ ಬಾಳ ಮಂದಿ ಕೇಳಾಕತ್ತಾರ, ಕಾರಣ ಇದೇ. ಸೈನಿಂಗ್ ಆಫ್ ಮಾಡೋದು ಹೇಳಿಕೊಡೋ ವಿಡಿಯೋ ಅದಾವ, ಮಾಡಬ್ಯಾಡ್ರಿ. ಒಂದು ಲೋಕಲ್ ಯೂಸರ್ ಮಾಡಾಕ ಅದಕ್ಕಿಂತ ಕಡಿಮಿ ಟೈಮ್ ಹಿಡಿತೈತಿ.

ಸಿಂಧನೂರು ಮಿಲ್ ಅಕೌಂಟ್ಸ್

ಸರ್ ಬಂತು!! ಯೂಸರ್ ಮಾಡಿ ಎರಡೂ ಟ್ಯಾಬಿನೊಳಗ ಸೇರಿಸಿದ್ವಿ, ಎಸ್‌ಎಂಬಿಕ್ಲೈಂಟ್ -ಎಲ್ (ಈ ಎಲ್ ಮಾತ್ರ ದೊಡ್ಡ ಅಕ್ಷರ) ಅಂತ ಕೊಟ್ಟು ನೋಡಿದ್ರ ಶೇರಿನ ಹೆಸರು ಬಂತು, ಮೌಂಟೂ ಆತು, ಚೀಟಿ ಎಲ್ಲಾ ಕಾಣ್ಲಿಕ್ಕತ್ತಾವ. ಆದ್ರ ಎರಡು ತ್ರಾಸು ಉಳದಾವ. ಒಂದು, ಇದ್ರೊಳಗ ಬಿಲ್ಲಿಂಗ್ ಅಂತ ಇನ್ನೊಂದು ಫೋಲ್ಡರ್ ಅದ, ಅದಕ್ಕ ವಿಂಡೋಸ್‌ದಾಗ ಬರಿಯೋ ಪರ್ಮಿಷನ್ ಕೊಟ್ಟೀವಿ, ಆದ್ರೂ ಮಿಂಟ್‌ದಾಗ ನನ್ನ ಯೂಸರ್‌ನಿಂದ ಫೈಲ್ ಸೇವ್ ಆಗ್ಲಿಕ್ಕತ್ತಿಲ್ಲ, ಸುಡೊ ಹಾಕಿದ್ರ ಆಗ್ತದ. ಎರಡು, ಕರೆಂಟ್ ಹೋಗಿ ಬಂದ್ರ ಮೌಂಟ್ ಹೋಗಿಬಿಡ್ತದ, ದಿನಾ ಕಮಾಂಡ್ ಹೊಡಿಯೋದು ಆಗಂಗಿಲ್ಲ, ಎಫ್‌ಎಸ್‌ಟ್ಯಾಬ್‌ದಾಗ (ತಾನೇ ಮೌಂಟ್ ಆಗೋವುಗಳ ಪಟ್ಟಿ ಇರೋ ಫೈಲು) ಹಾಕ್ಲಿಕ್ಕೆ ಹೋದ್ರ ಫೋಲ್ಡರಿನ ಹೆಸರಿನ ನಡುವಿನ ಸ್ಪೇಸಿಗೆ ಪಾರ್ಸ್ ಎರರ್ ಅಂತದ.

ಗಂಗಾವತಿ ಟಕ್ಸ್

ಸುಡೊ ಹಾಕಿದ್ರ ಆಗ್ತೈತಿ ಅಂದ್ರ ವಿಂಡೋಸ್ ಒಪ್ಪೈತಿ, ಲಿನಕ್ಸೇ ತಡ್ಯಾಕತ್ತೈತಿ. ಮೌಂಟ್ ಮಾಡಿದ್ದು ರೂಟ್ (ಲಿನಕ್ಸಿನ ಅಡ್ಮಿನ್ ಯೂಸರ್) ಅಂತ ಫೈಲ್ ಎಲ್ಲಾ ರೂಟಿನ ಹೆಸರಿಗೆ ಕಾಣ್ತಾವ. ಟರ್ಮಿನಲ್‌ದಾಗ ಐಡಿ ಅಂತ ಹೊಡದ್ರ ನಿಮ್ಮ ನಂಬರ್ ಹೇಳ್ತೈತಿ, ಮಿಂಟ್‌ದಾಗ ಮೊದಲ್ನೇ ಯೂಸರಿಗೆ 1000 ಇರ್ತೈತಿ. ಅದನ್ನ ಮೌಂಟ್ ಆಪ್ಷನ್‌ದಾಗ ಯುಐಡಿ, ಜಿಐಡಿ ಅಂತ ಕೊಡಬೇಕು. ಪರ್ಮಿಷನ್ ಬದಲಿ ಮಾಡೋ ಸಿಎಚ್‌ಮಾಡ್, ಸಿಎಚ್‌ಓನ್ ಹೊಡಕೋಂತ ಕುಂದ್ರಬ್ಯಾಡ್ರಿ, ಸಿಫ್ಸ್ ಮೌಂಟಿನ ಮ್ಯಾಲೆ ಅವು ಸಾಮಾನ್ಯವಾಗಿ ಏನೂ ಬದಲಿ ಮಾಡಂಗಿಲ್ಲ.

ಸ್ಪೇಸ್ ಇದ್ದಲ್ಲಿ \040 ಅಂತ ಬರೀರಿ, ಎಫ್‌ಎಸ್‌ಟ್ಯಾಬ್ ಸ್ಪೇಸ್ ಕಂಡ ಕೂಡ್ಲೇ ಮುಂದಿನ ಕಾಲಮ್ ಶುರುವಾತು ಅಂತ ತಿಳ್ಕೊಂತೈತಿ. ಪೂರ್ತಿ ಸಾಲು ಹಿಂಗ, ಎಲ್ಲಾ ಒಂದೇ ಸಾಲಿನಾಗ ಇರಬೇಕು:

//192.168.1.20/ವೇ\040ಬ್ರಿಡ್ಜ್ /ಎಂಎನ್‌ಟಿ/ಕಾಟಾ ಸಿಫ್ಸ್ ಕ್ರೆಡೆನ್ಷಿಯಲ್ಸ್=/ಇಟಿಸಿ/ಕಾಟಾಕ್ರೆಡ್,ಯುಐಡಿ=1000,ಜಿಐಡಿ=1000,ಐಒಚಾರ್‌ಸೆಟ್=ಯುಟಿಎಫ್8,ನೋಫೇಲ್,_ನೆಟ್‌ಡೆವ್,ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್ 0 0

ಕಾಟಾಕ್ರೆಡ್ ಅನ್ನೋ ಫೈಲ್‌ದಾಗ ಯೂಸರ್‌ನೇಮ್=ಕಾಟಾ ಒಂದು ಸಾಲು, ಪಾಸ್‌ವರ್ಡ್= ಅಂತ ಇನ್ನೊಂದು ಸಾಲು, ಸಮ ಚಿಹ್ನೆಯ ಆಚೆ ಈಚೆ ಸ್ಪೇಸ್ ಬಿಡಬ್ಯಾಡ್ರಿ. ಆಮ್ಯಾಲೆ ಆ ಫೈಲಿಗೆ ಸುಡೊ ಸಿಎಚ್‌ಮಾಡ್ 600 ಕೊಡ್ರಿ, ರೂಟ್ ಬಿಟ್ಟು ಯಾರಿಗೂ ಓದಾಕ ಬರಬಾರ್ದು. ಪಾಸ್‌ವರ್ಡನ್ನ ಎಫ್‌ಎಸ್‌ಟ್ಯಾಬ್‌ದಾಗೇ ಬರದ್ರ ಆ ಸಿಸ್ಟಮ್ ಮುಟ್ಟೋ ಎಲ್ಲಾರಿಗೂ ಕಾಣ್ತೈತಿ, ಅದೂ ಅಲ್ದ ಪಾಸ್‌ವರ್ಡ್‌ದಾಗ ಕಾಮಾ ಇದ್ರ ಆಪ್ಷನ್ ಅಲ್ಲಿಗೇ ತುಂಡಾಗಿ ಮತ್ತ 13 ಬರ್ತೈತಿ.

ನೋಫೇಲ್ ಬಿಡಲೇಬ್ಯಾಡ್ರಿ. ಅದಿಲ್ಲಾಂದ್ರ ಮೌಂಟ್ ಸಿಗಲಿಲ್ಲಾಂದ್ರ ಬೂಟ್ ಆಗೋದು ಸಿಕ್ಕಾಕ್ಕೊಂಡು ತಡ ಆಗಬಹುದು. ನಮ್ ಕಡೆ ಕರೆಂಟ್ ಬಂದ ಕೂಡ್ಲೇ ಎಲ್ಲಾ ಸಿಸ್ಟಮ್ಮೂ ಒಮ್ಮೆ ಏಳ್ತಾವ, ಮಿಂಟ್ ಎದ್ದಾಗ ಕಾಟಾ ಸಿಸ್ಟಮ್ಮು ಇನ್ನೂ ಅಪ್‌ಡೇಟ್ ಹಾಕ್ಕೋಂತ ಕುಂತಿರ್ತೈತಿ. ಅದಕ್ಕಂತನೇ ಆ ಆಟೋಮೌಂಟ್ ಹಾಕಿದ್ದು, ಬೂಟ್ ಆಗೋವಾಗ ಮೌಂಟ್ ಮಾಡಂಗಿಲ್ಲ, ನೀವು ಫೋಲ್ಡರ್ ತೆಗೆದಾಗ ಮಾಡ್ತೈತಿ. ಫೈಲ್ ಸೇವ್ ಮಾಡಿ ಸುಡೊ ಸಿಸ್ಟಮ್‌ಸಿಟಿಎಲ್ ಡೇಮನ್-ರಿಲೋಡ್ ಕೊಡ್ರಿ, ಮೌಂಟ್ -ಎ ಕೊಟ್ಟು ಎರರ್ ಇಲ್ಲ ಅಂತ ನೋಡಿಕೊಂಡು ಆಮ್ಯಾಲೇ ರೀಸ್ಟಾರ್ಟ್ ಮಾಡ್ರಿ.

ಬಳ್ಳಾರಿ ಜೀನ್ಸ್ ಯೂನಿಟ್

ನಡುವೆ ಬಂದಿದ್ದಕ್ಕೆ ಸಾರಿ. ನಮ್ದು ಜೀನ್ಸ್ ಹೊಲಿಯೋ ಯೂನಿಟ್ಟು, ಎಂಬ್ರಾಯ್ಡರಿ ಮಿಷಿನ್ನಿಗೆ ಡಿಸೈನ್ ಕಳಿಸೋ ಸಿಸ್ಟಮ್ಮು ಇನ್ನೂ ವಿಂಡೋಸ್ ಎಕ್ಸ್‌ಪಿ, ಸಾಫ್ಟ್‌ವೇರ್ ಬೇರೆದ್ರಲ್ಲಿ ನಡಿಯಲ್ಲ, ಮಿಷಿನ್ ಬದಲಾಯಿಸೋಕೆ ಲಕ್ಷಗಟ್ಟಲೆ ಬೇಕು. ನಮಗೆ ಆ 112 ಬರ್ತಾ ಐತೆ. ನಾವು ಎಸ್‌ಎಂಬಿ 1 ಬಿಟ್ಟು ಏನು ಮಾಡ್ಬೇಕು?

ಗಂಗಾವತಿ ಟಕ್ಸ್

ಎಕ್ಸ್‌ಪಿಗೆ ಎಸ್‌ಎಂಬಿ 1 ಬಿಟ್ಟು ಬ್ಯಾರೆ ಬರಂಗಿಲ್ರಿ, 2 ಬಂದಿದ್ದೇ ವಿಸ್ಟಾದಿಂದ. ವಿಂಡೋಸ್ 7 ಆಗಿದ್ರ ವರ್ಸ್=2.1 ಕೊಡ್ರಿ ಅಂತಿದ್ದೆ. ಹಿಂಗಾಗಿ ನಿಮ್ ಕೇಸಿನಾಗ ವರ್ಸ್=1.0 ಖರೇನೇ ಬೇಕಾಗ್ತೈತಿ. ಅದೂ ಕರ್ನಲ್ 5.15ರಿಂದ ಈಚೆ ಹಳೇ ಎನ್‌ಟಿಎಲ್‌ಎಂ ಲಾಗಿನ್ ಪದ್ಧತಿ ತಗದುಹಾಕ್ಯಾರ, ಎಕ್ಸ್‌ಪಿ ಕಡೆ ಅದರ ಹೊಸ ವರ್ಷನ್ ಎನ್‌ಟಿಎಲ್‌ಎಂವಿ2 ಒಪ್ಪುವಂಗ ಇರಬೇಕು.

ಆದ್ರ ಮಾಡೋ ರೀತಿ ಇದು: ಎಕ್ಸ್‌ಪಿಯನ್ನ ಆಫೀಸಿನ ರೌಟರಿನಿಂದ ಪೂರ್ತಿ ಬಿಚ್ಚಿಬಿಡ್ರಿ. ಒಂದು ಲಿನಕ್ಸ್ ಸಿಸ್ಟಮ್ಮಿಗೆ ಇನ್ನೊಂದು ಲ್ಯಾನ್ ಕಾರ್ಡ್ ಹಾಕಿ, ಎಕ್ಸ್‌ಪಿಯ ವೈರು ನೇರ ಆ ಕಾರ್ಡಿಗೇ ಬರಲಿ, ಬ್ಯಾರೆ ಐಪಿ ಸಾಲು ಕೊಡ್ರಿ, 10.0.0ದಿಂದ ಶುರುವಾಗೋದು ಕೊಟ್ರೂ ನಡೀತೈತಿ, ಗೇಟ್‌ವೇ ಖಾಲಿ ಬಿಡ್ರಿ. ಎಕ್ಸ್‌ಪಿಗೆ ಇಂಟರ್ನೆಟ್ ಇಲ್ಲ, ಉಳಿದ ಸಿಸ್ಟಮ್ಮು ಕಾಣಂಗಿಲ್ಲ, ಲಿನಕ್ಸ್ ಒಂದೇ ಕಾಣ್ತೈತಿ. ಡಿಸೈನ್ ಲಿನಕ್ಸಿಗೆ ಬರಲಿ, ಅಲ್ಲಿಂದ ಎಕ್ಸ್‌ಪಿಗೆ ಹೋಗಲಿ. ಆಫೀಸಿನ ವಿಂಡೋಸ್ ಯಾವುದರಾಗೂ ಎಸ್‌ಎಂಬಿ 1 ಚಾಲೂ ಮಾಡೋ ಪ್ರಮೇಯನೇ ಬರಂಗಿಲ್ಲ. ಇಷ್ಟು ಬ್ಯಾಡ ಅಂದ್ರ ಆ ಮಿಷಿನ್ನಿಗಂತನೇ ಒಂದು ಪೆನ್‌ಡ್ರೈವ್ ಇಟ್ಟುಬಿಡ್ರಿ, ಅದನ್ನ ಬ್ಯಾರೆ ಎಲ್ಲೂ ಚುಚ್ಚಬ್ಯಾಡ್ರಿ.

ಕುಷ್ಟಗಿ ಟೀಚರ್

ಈ ಚರ್ಚೆ ಓದಿ ನಮ್ಮ ಶಾಲೆಯ ಲ್ಯಾಬಲ್ಲಿ ಮೌಂಟ್ ಮಾಡ್ಕೊಂಡೆ, ಧನ್ಯವಾದ. ನನ್ನ ತೊಂದರೆ ಬೇರೆ. ಎಚ್‌ಎಂ ಅವರ ವಿಂಡೋಸ್ ಸಿಸ್ಟಮ್‌ನಲ್ಲಿ ಫೈಲುಗಳಿಗೆ ಕನ್ನಡದಲ್ಲೇ ಹೆಸರು ಇಟ್ಟಿದಾರೆ. ಕೆಲವು ಸರಿಯಾಗಿ ಕಾಣ್ತವೆ, ಕೆಲವು ಇಂಗ್ಲಿಷ್ ಅಕ್ಷರ ಚಿಹ್ನೆ ಎಲ್ಲಾ ಕಲಸಿದ ಹಾಗೆ ಕಾಣ್ತವೆ. ಇನ್ನು ಕೆಲವು ಸುತ್ತೋಲೆ, ಹೆಸರು ಚೆನ್ನಾಗೇ ಕಾಣುತ್ತೆ, ತೆರೆದ್ರೆ ತೆರೀತದೆ, ಆದ್ರೆ ನನ್ನ ಸಿಸ್ಟಮ್‌ಗೆ ಕಾಪಿ ಮಾಡಿದ್ರೆ ಮಾತ್ರ ಫೈಲ್ ನೇಮ್ ಟೂ ಲಾಂಗ್ ಅಂತ ಬರುತ್ತೆ. ಹೆಸರು ಅಷ್ಟೇನೂ ಉದ್ದ ಇಲ್ಲ, ವಿಂಡೋಸ್ ಒಪ್ಪಿದ್ದನ್ನ ಲಿನಕ್ಸ್ ಯಾಕೆ ಒಪ್ಪಲ್ಲ?

ಗಂಗಾವತಿ ಟಕ್ಸ್

ಮೇಡಂ ಕಡೀದು ಮೊದ್ಲು ಹೇಳ್ತೀನಿ, ಇದು ಕನ್ನಡದಂಥ ಭಾಷೆದಾಗ ಕೆಲ್ಸ ಮಾಡೋರಿಗೆ ಬರೋ ತ್ರಾಸು, ಇಂಗ್ಲಿಷ್ ಹೆಸರಿನೋರಿಗೆ ಗೊತ್ತೂ ಆಗಂಗಿಲ್ಲ. ವಿಂಡೋಸಿನ ಎನ್‌ಟಿಎಫ್‌ಎಸ್ (ಡಿಸ್ಕಿನ ಮ್ಯಾಲೆ ಫೈಲ್ ಇಡೋ ಪದ್ಧತಿ) ಒಂದು ಹೆಸರಿಗೆ 255 ಗುರುತು ಕೊಡ್ತೈತಿ, ಕನ್ನಡದ ಒಂದೊಂದು ಗುರುತೂ ಅದಕ್ಕ ಒಂದೇ ಲೆಕ್ಕ. ಲಿನಕ್ಸಿನ ಅಂಥದ್ದೇ ಪದ್ಧತಿ ಇಎಕ್ಸ್‌ಟಿ4 ಕೊಡೋದು 255 ಬೈಟು. ಯುಟಿಎಫ್8ರಾಗ ಕನ್ನಡದ ಒಂದೊಂದು ಗುರುತಿಗೆ 3 ಬೈಟ್ ಹಿಡಿತೈತಿ, ಒತ್ತು, ಗುಣಿತ, ಕಣ್ಣಿಗೆ ಕಾಣದ ವಿರಾಮ (ಅರ್ಧಾಕ್ಷರ ಮಾಡೋ ಗುರುತು) ಎಲ್ಲಾ ಬ್ಯಾರೆ ಬ್ಯಾರೆ ಗುರುತು. ಕ್ಷ ಅಂತ ನಾವು ಒಂದಕ್ಷರ ಬರಿತೀವಿ, ಅದರ ಒಳಗ ಕ, ವಿರಾಮ, ಷ ಮೂರು ಗುರುತು ಅದಾವ, 9 ಬೈಟ್ ಹೋತು. ಹಂಗಾಗಿ 85 ಗುರುತಿಗೆ ನಮ್ಮ ಹೆಸರು ಮುಗೀತೈತಿ, ಒತ್ತಕ್ಷರ ಜಾಸ್ತಿ ಇದ್ರ ಮೂವತ್ತು ಅಕ್ಷರಕ್ಕೇ ಮುಗದ್ರೂ ಮುಗೀತೈತಿ. ಸುತ್ತೋಲೆಗೆ ವಿಷಯದ ಸಾಲು ಪೂರ್ತಿ ಹೆಸರಾಗಿ ಇಡ್ತಾರಲ್ರಿ, ಅವೇ ಸಿಕ್ಕಾಕ್ಕೊಳ್ಳೋದು. ತೆರೆಯೋದು ಆಗ್ತೈತಿ ಯಾಕಂದ್ರ ಫೈಲ್ ಇನ್ನೂ ವಿಂಡೋಸ್ ಡಿಸ್ಕಿನ ಮ್ಯಾಲೇ ಐತಿ. ಕಾಪಿ ಮಾಡೋವಾಗ ಸಣ್ಣ ಹೆಸರು ಕೊಡ್ರಿ, ಎಚ್‌ಎಂ ಅವ್ರಿಗೂ ತಾರೀಖು ಮತ್ತ ಎರಡು ಪದ ಸಾಕು ಅಂತ ಹೇಳ್ರಿ.

ಇಂಗ್ಲಿಷ್ ಕಲಸಿದಂಗ ಕಾಣೋವು ಮೌಂಟಿನ ತಪ್ಪಲ್ಲ. ಅವು ಹಳೇ ನುಡಿ ಇಲ್ಲಾ ಬರಹದ ಆಸ್ಕಿ ಫಾಂಟಿನಾಗ ಹೊಡದ ಹೆಸರು, ಫಾಂಟ್ ಹಾಕಿದಾಗಷ್ಟೇ ಅವು ಕನ್ನಡ, ವಿಂಡೋಸ್‌ದಾಗ ನೋಡಿದ್ರೂ ಹಂಗೇ ಕಾಣ್ತಾವ. ಯುನಿಕೋಡ್‌ದಾಗ ಹೊಸ ಹೆಸರು ಇಡೋದೊಂದೇ ದಾರಿ. ಚೌಕ ಚೌಕ ಡಬ್ಬಿ ಕಂಡ್ರ ಕನ್ನಡ ಫಾಂಟ್ ಇಲ್ಲ ಅಂತ, ಫಾಂಟ್ಸ್-ಕೆಎನ್‌ಡಿಎ ಅನ್ನೋ ಪ್ಯಾಕೇಜ್ ಹಾಕಿದ್ರ ನವಿಲು, ಗುಬ್ಬಿ ಎರಡೂ ಬರ್ತಾವ. ಬರೀ ಪ್ರಶ್ನೆ ಚಿಹ್ನೆ ಕಂಡ್ರ ಆವಾಗ ಐಒಚಾರ್‌ಸೆಟ್=ಯುಟಿಎಫ್8 ಬೇಕು.

ಕುಷ್ಟಗಿ ಟೀಚರ್

ಇಷ್ಟು ದಿನ ಹಾರ್ಡ್‌ಡಿಸ್ಕ್ ಹಾಳಾಗಿದೆ ಅಂದ್ಕೊಂಡಿದ್ವಿ ಸರ್. ಹೆಸರು ಸಣ್ಣದು ಮಾಡಿದ ತಕ್ಷಣ ಎಲ್ಲಾ ಕಾಪಿ ಆದ್ವು. ಮಕ್ಕಳಿಗೂ ಈ ಕ್ಷದ ಲೆಕ್ಕ ಹೇಳಿಕೊಡ್ತೀನಿ, ಕಂಪ್ಯೂಟರ್ ಪಾಠದಲ್ಲಿ ಇದು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಸಿಂಧನೂರು ಮಿಲ್ ಅಕೌಂಟ್ಸ್

ಎಫ್‌ಎಸ್‌ಟ್ಯಾಬ್ ಹಾಕಿದಮ್ಯಾಲೆ ಚಂದಾಗಿ ನಡದಿತ್ರಿ, ಇವತ್ತು ಇಂಟರ್ನೆಟ್‌ನವ್ರು ಬಂದು ರೌಟರ್ ಬದಲಿ ಮಾಡಿ ಹೋದ್ರು, ಈಗ ಬಾಳ ಹೊತ್ತು ತಿರುಗಿ 115 ಬರ್ಲಿಕ್ಕತ್ತದ. ಪಿಂಗ್ ಕೊಟ್ರೂ ಉತ್ತರ ಇಲ್ಲ. ಕಾಟಾ ಸಿಸ್ಟಮ್ ಐಪಿ ನೋಡಿದ್ವಿ, ಅದೇ 20 ಅದ.

ಕೌಲ್‌ಬಜಾರ್ ಹುಡುಗ

ಇದು ನಾನು ಹೇಳ್ತೀನಿ, ನಮ್ಮಲ್ಲೂ ಆಗಿತ್ತು. ಹೊಸ ರೌಟರ್ ಬಂದ್ರೆ ವಿಂಡೋಸ್ ಅದನ್ನ ಹೊಸ ನೆಟ್‌ವರ್ಕ್ ಅಂತ ತಿಳ್ಕೊಂಡು ಪಬ್ಲಿಕ್ ಅಂತ ಹಾಕಿಬಿಡುತ್ತೆ, ಪಬ್ಲಿಕ್ ಇದ್ರೆ ಫೈಲ್ ಶೇರಿಂಗ್ ಫೈರ್‌ವಾಲಲ್ಲೇ ನಿಂತುಹೋಗುತ್ತೆ, ಪಿಂಗಿಗೂ ಉತ್ತರ ಕೊಡಲ್ಲ. ಕಾಟಾ ಸಿಸ್ಟಮ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಅಲ್ಲಿ ಪ್ರೈವೇಟ್ ಮಾಡಿ. ಆಮೇಲೆ ಮಿಂಟಿಂದ ಎನ್‌ಸಿ -ಝಡ್‌ವಿ, ಐಪಿ, 445 ಅಂತ ಕೊಡಿ, ಸಕ್ಸೀಡೆಡ್ ಅಂದ್ರೆ ಬಾಗ್ಲು ತೆಗೆದೈತೆ ಅಂತ. ಫೈರ್‌ವಾಲ್ ಪೂರ್ತಿ ಆಫ್ ಮಾಡಬೇಡಿ.

ಗಂಗಾವತಿ ಟಕ್ಸ್

ಸರಿ ಹೇಳಿದಿ ತಮ್ಮಾ. ಮಿಲ್ಲಿನವ್ರ, ಹೊಸ ರೌಟರಿನಾಗ ಕಾಟಾ ಸಿಸ್ಟಮ್ಮಿಗೆ ಆ 20 ಐಪಿಯನ್ನ ರಿಸರ್ವ್ ಮಾಡಿಬಿಡ್ರಿ, ಡಿಎಚ್‌ಸಿಪಿ ರಿಸರ್ವೇಷನ್ ಅಂತ ಇರ್ತೈತಿ. ಈಗ ಅದೇ ಬಂದೈತಿ ಖರೆ, ಮುಂದಿನ ಸಲ ಕರೆಂಟ್ ಹೋಗಿ ಬಂದಾಗ ಬ್ಯಾರೆ ಕೊಟ್ರ ಎಫ್‌ಎಸ್‌ಟ್ಯಾಬ್ ತಪ್ಪಾಗ್ತೈತಿ. ಮಿಂಟ್ ಸಿಸ್ಟಮ್ಮು ವೈಫೈಲಿದ್ರ ಅದು ಗೆಸ್ಟ್ ವೈಫೈ ಅಲ್ಲ ಅಂತನೂ ನೋಡ್ರಿ, ಗೆಸ್ಟ್ ವೈಫೈದೊಳಗಿನ ಸಿಸ್ಟಮ್ಮಿಗೆ ಉಳಿದ ಸಿಸ್ಟಮ್ ಸಾಮಾನ್ಯವಾಗಿ ಕಾಣಂಗಿಲ್ಲ.

ಸಿಂಧನೂರು ಮಿಲ್ ಅಕೌಂಟ್ಸ್

ಪ್ರೈವೇಟ್ ಮಾಡಿದ ಕೂಡ್ಲೇ ಬಂತ್ರಿ, ಐಪಿನೂ ರಿಸರ್ವ್ ಮಾಡಿದ್ವಿ. ಇಬ್ರಿಗೂ ಭಾಳ ಉಪಕಾರ ಆತು. ಗೋಡೌನ್‌ದಾಗ ಇನ್ನೊಂದು ಹಳೇ ಸಿಸ್ಟಮ್ಮಿಗೂ ಮಿಂಟ್ ಹಾಕೋದದ, ಅದಕ್ಕೂ ಇದೇ ಕಾಟಾ ಯೂಸರ್ರು ಪಾಸ್‌ವರ್ಡು ಕೊಟ್ರ ನಡೀತದೇನ್ರಿ?

ಗಂಗಾವತಿ ಟಕ್ಸ್

ನಡೀತೈತಿ, ಆದ್ರ ಬ್ಯಾರೆ ಯೂಸರ್ ಮಾಡ್ರಿ. ವಿಂಡೋಸ್‌ದಾಗ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತಗದು ಶೇರ್ಡ್ ಫೋಲ್ಡರ್ಸ್ ಒಳಗ ಸೆಷನ್ಸ್, ಓಪನ್ ಫೈಲ್ಸ್ ನೋಡಿದ್ರ ಯಾವ ಯೂಸರ್ ಯಾವ ಫೈಲ್ ತಗದಾನ ಅಂತ ಕಾಣ್ತೈತಿ, ಎರಡೂ ಕಡೆ ಒಂದೇ ಹೆಸರಿದ್ರ ಬಿಲ್ ಫೈಲ್ ಲಾಕ್ ಆದಾಗ ಆಫೀಸಿಂದೋ ಗೋಡೌನಿಂದೋ ಹುಡುಕಬೇಕಾಗ್ತೈತಿ. ಗೋಡೌನಿನ ಯೂಸರಿಗೆ ವೇ ಬ್ರಿಡ್ಜ್ ಮ್ಯಾಲೆ ರೀಡ್ ಅಷ್ಟೇ ಕೊಡ್ರಿ, ಬಿಲ್ಲಿಂಗ್ ಕಾಣೋದೇ ಬ್ಯಾಡ.